ಕೆಂಪು ದಾರದ ಗಂಟುಗಳು

ಬನಹಟ್ಟಿ
6 ಜನವರಿ 2025

ರಾಧಿಕಾ,

ನೀನು ಬಂದು ಹೋಗಿ ಎಂಟು ದಿನವಾಯಿತು. ಪುಣೆ ಮುಟ್ಟಿದ ಸುದ್ದಿ ವಂದನಾಳ ಮೊಬೈಲಿಗೆ ಬಂದಿದೆ. ಮೊಬೈಲಿನಲ್ಲಿ ಆಡಿದ ಮಾತಿಗೆ ನಾಳೆ ಸಾಕ್ಷಿ ಇರುವುದಿಲ್ಲ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ನೀನೂ ಕಾಗದದಲ್ಲೇ ಉತ್ತರ ಕೊಡಬೇಕು. ಮೂವತ್ತೊಂದು ವರ್ಷ ನೇಕಾರರ ಸೊಸೈಟಿಯಲ್ಲಿ ಕುಳಿತು, ಭೂತಗನ್ನಡಿ ಹಿಡಿದು ಸೀರೆಯ ಎಳೆ ಎಣಿಸಿದ ಮಾಮಾ ನಿನಗೆ ಸಿಕ್ಕಿದ್ದಾನೆ. ಮಾಡುವುದೇನು.

ಆ ದಿನ ನಡೆದದ್ದನ್ನು ಇಬ್ಬರಿಗೂ ನೆನಪಿರಲೆಂದು ಬರೆದಿಡುತ್ತೇನೆ. ಡಿಸೆಂಬರ್ 29, ರವಿವಾರ. ನಮ್ಮ ಪಡಸಾಲೆಯಲ್ಲಿ ಐದು ಮಂದಿ ರಕ್ತ ಕೊಟ್ಟೆವು. ನಾನು, ತಂಗಿ ಮಂಗಲಾ, ತೀರಿಹೋದ ಮುತ್ತಣ್ಣನ ಮಗ ನವೀನ, ನನ್ನ ಮಗಳು ವಂದನಾ, ಕಡೆಗೆ ನೀನು. ನೀನು ಬಾಟಲಿಗಳಿಗೆ ಕಾಗದದ ಚೀಟಿ ಹಚ್ಚಿದೆ. ಮಂಜುಗಡ್ಡೆಯಲ್ಲಿ ಕಾಗದ ನಿಲ್ಲುವುದಿಲ್ಲ ಎಂದು ನಾನು ಹೇಳಿದೆ. ನೀನು ನಕ್ಕೆ. ಬಣ್ಣದ ಮನೆಗೆ ನೂಲಿನ ಲಡಿ ಕಳಿಸುವಾಗ ಯಾವ ಲಡಿ ಯಾರ ಮನೆಯದೆಂದು ತಿಳಿಯಲು ದಾರದಲ್ಲಿ ಗಂಟು ಹಾಕಿ ಕಟ್ಟುತ್ತೇವಲ್ಲ, ಹಾಗೆಯೇ ನಾನು ಐದೂ ಬಾಟಲಿಗೆ ಕೆಂಪು ದಾರ ಕಟ್ಟಿದೆ. ಹೆಸರಿನ ಪಟ್ಟಿಯನ್ನು ಲಕೋಟೆಯಲ್ಲಿಟ್ಟು, ಅಂಟು ಹಚ್ಚಿ, ಅಂಟಿನ ಮೇಲೆ ಸಹಿ ಮಾಡಿ ಕೊಟ್ಟೆ. ನಾನು ಹೇಳುವವರೆಗೆ ಅದನ್ನು ಒಡೆಯಕೂಡದು. ನಿನ್ನ ಲ್ಯಾಬಿನ ಒಪ್ಪಿಗೆ ಪತ್ರದಲ್ಲಿ ಫಲಿತಾಂಶ ತಿಳಿಸಬೇಕೇ ಎಂಬ ಕಡೆ ನಾವು ನಾಲ್ವರೂ 'ಬೇಡ' ಎಂದು ಗುರುತು ಹಾಕಿದೆವು. ನೀನು ನನ್ನೆದುರಿಗೇ 'ಬೇಕು' ಎಂದು ಹಾಕಿದೆ.

ಬೇಡ ಎಂದದ್ದೇಕೆಂದು ನಿನಗೆ ಗೊತ್ತು. ನಿನ್ನ ಅವ್ವ, ನಮ್ಮ ಶೇವಂತಕ್ಕ, ಮೊದಲು ತೋಳೆತ್ತಲಾರದೆ, ಆಮೇಲೆ ಕಾಲೂರಲಾರದೆ ಹೋದಳು. ಮುತ್ತಣ್ಣನೂ ಹಾಗೆಯೇ ಹೋದ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಹೀಗಾಯಿತು ಎಂದು ಓಣಿಯವರು ನಂಬಿದ್ದಾರೆ. ಹಾಗೇ ನಂಬಿರಲಿ. ವಂದನಾಳಿಗೆ ಬೀಳಗಿಯ ಕಡೆಯಿಂದ ಮದುವೆಯ ಮಾತು ಬಂದಿದೆ.

ಈಗ ನನ್ನ ಪ್ರಶ್ನೆಗಳು. ಆ ರಕ್ತ ಯಾರ ಕಪಾಟಿನಲ್ಲಿದೆ? ಬೀಗ ಯಾರ ಹತ್ತಿರ? ನಾಳೆ ಅದರಿಂದ ಔಷಧ ಹುಟ್ಟಿದರೆ ಅದು ಯಾರದು? ನಿನ್ನ ಮನೆಯವರ ರಕ್ತವನ್ನು ನೀನೇ ಪರೀಕ್ಷೆ ಮಾಡಲು ನಿನ್ನ ಸಾಹೇಬರು ಹೇಗೆ ಒಪ್ಪಿದರು? 'ಹೋಗ್ಲಿ ಬಿಡ್ರಿ ಮಾಮಾ' ಎಂಬ ಉತ್ತರ ಬೇಡ.

ಎರಡು ಸಲ ಓದಿ ಸಹಿ ಮಾಡಿದ್ದು,
ಪರಮಾನಂದ


ಪುಣೆ
19 ಜನವರಿ 2025

ಮಾಮಾ,

ನಿಮ್ಮ ಕಾಗದ ನೋಡಿ ನನ್ನ ರೂಮಿನವಳು ಕೋರ್ಟಿನ ನೋಟೀಸೇನು ಎಂದು ಕೇಳಿದಳು. ಅದಕ್ಕಿಂತ ಹೆಚ್ಚಿನದು ಎಂದೆ.

ಮೊದಲು ನನ್ನ ಸೋಲು ಒಪ್ಪಿಕೊಳ್ಳುತ್ತೇನೆ. ಮರುದಿನ ಬೆಳಿಗ್ಗೆ ಇಲ್ಲಿ ಪೆಟ್ಟಿಗೆ ತೆರೆದಾಗ ಮಂಜುಗಡ್ಡೆ ಅರ್ಧ ಕರಗಿತ್ತು. ನಾನು ಹಚ್ಚಿದ ಐದು ಚೀಟಿಗಳೂ ನೀರಿನಲ್ಲಿ ತೇಲುತ್ತಿದ್ದವು. ನಿಮ್ಮ ಕೆಂಪು ದಾರ ಮಾತ್ರ ಹಾಗೇ ಇತ್ತು. ಗಂಟು ಎಣಿಸಿ, ಒಂದರಿಂದ ಐದರವರೆಗೆ ಹೊಸ ನಂಬರು ಬರೆದೆ. ನಿಮ್ಮ ಸಂಶಯಕ್ಕೆ ನಮ್ಮ ಲ್ಯಾಬಿನಲ್ಲಿ ಒಬ್ಬಿಬ್ಬರು ಅಭಿಮಾನಿಗಳೂ ಆಗಿದ್ದಾರೆ.

ರಕ್ತ ಲ್ಯಾಬಿನ ಶೀತಪೆಟ್ಟಿಗೆಯಲ್ಲಿದೆ. ಬೀಗ ನಮ್ಮ ಮೇಡಮ್ ಹತ್ತಿರ. ನನ್ನ ಮನೆಯವರದೆಂದು ಅವರಿಗೆ ಗೊತ್ತು. ಹೆಸರು ಮುಚ್ಚಿಟ್ಟು, ನಂಬರಿನಿಂದಷ್ಟೇ ಕೆಲಸ ಮಾಡಬೇಕೆಂಬ ಷರತ್ತಿನ ಮೇಲೆ ಒಪ್ಪಿದ್ದಾರೆ. ಲಕೋಟೆ ನನ್ನ ಟ್ರಂಕಿನಲ್ಲಿದೆ, ನಿಮ್ಮ ಸಹಿ ಹಾಗೇ ಇದೆ. ಔಷಧ ಯಾರದೆಂದು ಕೇಳಿದಿರಿ. ಮೊದಲು ಅದು ಹುಟ್ಟಲಿ.

ಏನು ಹುಡುಕುತ್ತಿದ್ದೇವೆಂದು ಆ ದಿನ ಸರಿಯಾಗಿ ಹೇಳಲಿಲ್ಲ. ನಮ್ಮ ಒಂದೊಂದು ಜೀವಕೋಶದಲ್ಲೂ ಪ್ರೋಟೀನುಗಳು ಹಳತಾಗುತ್ತವೆ, ಕೆಡುತ್ತವೆ. ಕೆಟ್ಟದ್ದಕ್ಕೆ ಜೀವಕೋಶವೇ ಒಂದು ಗುರುತು ಅಂಟಿಸುತ್ತದೆ. ಗುರುತು ಬಿದ್ದದ್ದನ್ನು ಒಂದು ಯಂತ್ರ ತುಂಡು ಮಾಡುತ್ತದೆ, ಆ ತುಂಡುಗಳಿಂದ ಮತ್ತೆ ಹೊಸ ಪ್ರೋಟೀನು ತಯಾರಾಗುತ್ತದೆ. ಆದರೆ ಯಂತ್ರದ ಬಾಯಿ ಸಣ್ಣದು. ಮುದ್ದೆಯಾಗಿ ಸಿಕ್ಕುಬಿದ್ದದ್ದು ಅದರೊಳಗೆ ಹೋಗುವುದಿಲ್ಲ. ಸಿಕ್ಕಿನ ಒಂದು ತುದಿ ಹಿಡಿದು, ಎಳೆದು, ನೂಲಿನ ಹಾಗೆ ನೇರ ಮಾಡಿ ಕೊಡುವ ಕಿಣ್ವ ಒಂದಿದೆ. ಹೆಸರು ಪಿ-97. ಆರು ತುಣುಕು ಸುತ್ತಲೂ ಕೂಡಿ ಉಂಗುರವಾಗಿ, ನಡುವೆ ತೂತು ಇರುತ್ತದೆ. ಆ ತೂತಿನಲ್ಲಿ ಎಳೆ ಹಾಯುತ್ತದೆ.

ಆಸ್ಪತ್ರೆಯಲ್ಲಿ ತೆಗೆದಿಟ್ಟಿದ್ದ ಅವ್ವನ ರಕ್ತವನ್ನು ಆಮೇಲೆ ನೋಡಿದಾಗ, ಈ ಕಿಣ್ವದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬೇರೆಯಾಗಿತ್ತು. ಅದರಿಂದ ಕಿಣ್ವ ನಿಂತುಹೋಗುವುದಿಲ್ಲ. ತಾಳ ತಪ್ಪಿ ಅವಸರ ಮಾಡುತ್ತದೆ. ನಲವತ್ತು ದಾಟಿದ ಮೇಲೆ ಸ್ನಾಯುಗಳು ಸೋಲುತ್ತವೆ. ಇದ್ದವರ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಂಭವ ಅರ್ಧ, ಬಾರದಿರುವ ಸಂಭವ ಅರ್ಧ. ಕುಣಿ ಮಗ್ಗದ ತಪ್ಪು ಏನೂ ಇಲ್ಲ.

ನಕ್ಕದ್ದಕ್ಕೆ ಕ್ಷಮೆ ಕೇಳುವ,
ನಿಮ್ಮ ಸೊಸಿ ರಾಧಿಕಾ


ಬನಹಟ್ಟಿ
10 ಫೆಬ್ರವರಿ 2025

ರಾಧಿಕಾ,

ನೀನು ಹೇಳಿದ ಕಿಣ್ವದ ಹೆಸರನ್ನು ನವೀನ ಮೊಬೈಲಿನಲ್ಲಿ ಹುಡುಕಿ ಓದಿದ. ಅದನ್ನು ತಡೆಯುವ ಔಷಧವೊಂದನ್ನು ಕ್ಯಾನ್ಸರಿಗೆಂದು ಮಾಡಿದ್ದರಂತೆ. ರೋಗಿಗಳಿಗೆ ಕೊಟ್ಟು ನೋಡುವಾಗ ಕಣ್ಣಿನ ತೊಂದರೆ ಕಾಣಿಸಿ ನಿಲ್ಲಿಸಿದರಂತೆ. ಇದನ್ನು ನೀನೇಕೆ ಬರೆಯಲಿಲ್ಲ? ಸೊಸೈಟಿಯಲ್ಲಿ ನಾನು ವಾಪಸು ಮಾಡಿದ ಸೀರೆಗಳು ಸಂತೆಯಲ್ಲಿ ಮೊದಲನೆಯ ದರ್ಜೆಯ ಮಾಲೆಂದು ಮಾರಾಟವಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕ್ಯಾನ್ಸರಿಗೆ ಬೇಡವಾದ ಮಾಲು ನಮ್ಮ ಮನೆಗೆ ಬರುತ್ತಿದೆಯೇ?

ಇನ್ನೊಂದು. ಮಂಗಲಾ ಈಗ ಎಲ್ಲರಿಗೂ ಹೇಳುತ್ತಾ ಹೊರಟಿದ್ದಾಳೆ: "ನಮ್ಮ ರಾಧಿಕಾ ಬ್ಯಾನಿಗೆ ಔಷಧಾ ಕಂಡ್ಹಿಡಿಯಾಕತ್ತಾಳ್ರಿ." ಯಾವ ಬ್ಯಾನಿ ಎಂದು ಯಾರಾದರೂ ಕೇಳಿದರೆ? ಬೀಳಗಿಯವರಿಗೂ ಕಿವಿಗಳಿವೆ.

ಅಕ್ಕನ ಮಾತು ತೆಗೆದಿದ್ದೀಯ, ಹಾಗಾಗಿ ಬರೆಯುತ್ತೇನೆ. ಕಡೆಯ ವರ್ಷ ಅವಳು ಸಂಶಯದ ಮೂಟೆಯಾದಳು. ನಾನು ಅವಳ ಪೆಟ್ಟಿಗೆಯಿಂದ ಇಳಕಲ್ ಸೀರೆ ಕದ್ದೆ ಎಂದಳು. ಓಣಿಯವರ ಮುಂದೆ ಎಂದಳು. "ಅಕ್ಕಾ, ಕಳ್ಳ ಅಂದ ಮನಿಗೆ ನಾ ಹೆಂಗ ಬರ್ಲಿ?" ಎಂದು ಎದ್ದು ಬಂದೆ. ಬನಹಟ್ಟಿಯಿಂದ ಜಮಖಂಡಿಗೆ ಅರ್ಧ ತಾಸಿನ ಹಾದಿ. ನಾಲ್ಕು ತಿಂಗಳು ಹೋಗಲಿಲ್ಲ. ಆಮೇಲೆ ಹೋಗಬೇಕಾದದ್ದು ಮಣ್ಣಿಗೆ.

ಇದನ್ನು ಒಂದೇ ಸಲ ಓದಿದೆ,
ಪರಮಾನಂದ


ಪುಣೆ
2 ಮಾರ್ಚ್ 2025

ಮಾಮಾ,

ನೀವು ತಪ್ಪು ಹೇಳುತ್ತಿದ್ದೀರಿ. ಎರಡು ಕಡೆ.

ಔಷಧದ ವಿಷಯ. ಕ್ಯಾನ್ಸರಿನ ಜೀವಕೋಶವನ್ನು ಸಾಯಿಸಬೇಕಾದರೆ ಪಿ-97 ಅನ್ನು ಅಲ್ಲಿ ಉಸಿರುಗಟ್ಟಿಸಬೇಕು. ನಮ್ಮ ಮನೆಯ ರೋಗಕ್ಕೆ ಅಷ್ಟು ಬೇಡ. ಹೆಚ್ಚಾದ ಅವಸರವನ್ನಷ್ಟೇ ಇಳಿಸಬೇಕು. ಔಷಧ ಕಡಿಮೆ ಸಾಕಾಗಬಹುದು. ರೋಗಿಗಳ ಜೀವಕೋಶಗಳಲ್ಲಿ, ನೊಣಗಳಲ್ಲಿ ಒಂದಿಷ್ಟು ಫಲ ಕಂಡಿದೆ. ನಮ್ಮ ರೋಗದ ಮನುಷ್ಯರಿಗೆ ಕೊಡುವ ಮಟ್ಟಕ್ಕೆ ಇನ್ನೂ ಏನೂ ಬಂದಿಲ್ಲ, ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಕಣ್ಣಿನ ಸಂಗತಿ ನಾನು ಬರೆಯಬೇಕಿತ್ತು. ಬರೆಯಲಿಲ್ಲ. ಅದು ನನ್ನ ತಪ್ಪು, ಔಷಧದ್ದಲ್ಲ.

ಎರಡನೆಯದು. ನಾಲ್ಕು ತಿಂಗಳಲ್ಲ. ಐದು ತಿಂಗಳು, ಹನ್ನೊಂದು ದಿನ. ನಾನೂ ಎಣಿಸುತ್ತೇನೆ ಮಾಮಾ. ಅವ್ವ ದಿನವೂ ನಿಮ್ಮನ್ನು ಬೈಯುತ್ತಿದ್ದಳು, ದಿನವೂ ಬಾಗಿಲ ಕಡೆ ನೋಡುತ್ತಿದ್ದಳು. ಈ ರೋಗ ಕೆಲವರಲ್ಲಿ ಮೆದುಳಿನ ಮುಂಭಾಗಕ್ಕೂ ಹೋಗುತ್ತದೆ. ಸ್ವಭಾವ ಬದಲಾಗುತ್ತದೆ, ಸಿಹಿಯ ಆಸೆ ಹೆಚ್ಚುತ್ತದೆ, ಇಲ್ಲದ ಸಂಶಯ ಹುಟ್ಟುತ್ತದೆ. ಕಳ್ಳ ಎಂದದ್ದು ಅವ್ವನಲ್ಲ. ನನಗಾಗ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದೆಯೂ ಬರಬಹುದಿತ್ತು.

ಸಿಟ್ಟು ಬಂದಿದ್ದರೆ ಉತ್ತರ ಬರೆಯಿರಿ.

ರಾಧಿಕಾ


ಪುಣೆ
11 ಮೇ 2025

ಪ್ರೀತಿಯ ಮಾಮಾ,

ನಿಮ್ಮ ಕಾಗದ ಬಾರದೆ ಎರಡು ತಿಂಗಳಾಯಿತು. ಹಿಂದಿನ ಕಾಗದದಲ್ಲಿ ನಾನು ಒರಟಾಗಿ ಬರೆದೆ. ನೀವು ಹೇಳಿದ್ದೆಲ್ಲ ಸರಿಯೇ. ರಕ್ತ ಯಾರದು, ಔಷಧ ಯಾರದು ಎಂದು ನೀವು ಕೇಳಿದ್ದರಲ್ಲೂ ತಪ್ಪಿಲ್ಲ.

ಬಿಸಿಲು ಜೋರಾಗಿದೆ. ಮಧ್ಯಾಹ್ನ ಹೊರಗೆ ಹೋಗಬೇಡಿ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಿರಿ. ಭಾರ ಎತ್ತಬೇಡಿ.

ಒಂದು ಸಣ್ಣ ಕೆಲಸವಿತ್ತು. ನಮಗೆ ಇನ್ನೊಂದು ಸಲ ರಕ್ತ, ಜೊತೆಗೆ ತೊಡೆಯ ಸ್ನಾಯುವಿನ ಒಂದು ಚೂರು ಬೇಕಾಗಬಹುದು. ನೀವು ಒಂದು ಸಲ ಪುಣೆಗೆ ಬಂದು ಹೋದರೆ ಚೆನ್ನಾಗಿತ್ತು. ನಾನೇ ಬಂದು ಕರೆದೊಯ್ಯುತ್ತೇನೆ. ಯಾವ ಅವಸರವೂ ಇಲ್ಲ.

ಪ್ರೀತಿಯಿಂದ,
ರಾಧಿಕಾ


ಬನಹಟ್ಟಿ
27 ಮೇ 2025

ರಾಧಿಕಾ,

ಮಾರ್ಚಿನಲ್ಲಿ ನೀನು ಬರೆದದ್ದಕ್ಕೆ ಉತ್ತರವಿರಲಿಲ್ಲ, ಅದಕ್ಕೆ ಬರೆಯಲಿಲ್ಲ. ಐದು ತಿಂಗಳು ಹನ್ನೊಂದು ದಿನ ಎಂಬುದು ಸರಿ. ಕ್ಯಾಲೆಂಡರ್ ತೆಗೆದು ನೋಡಿದೆ.

ಆದರೆ ಮೇ ತಿಂಗಳ ಕಾಗದ ಬರೆದದ್ದು ಯಾರು? ನನ್ನ ಸೊಸಿ ನನಗೆ 'ನೀವು ಹೇಳಿದ್ದೆಲ್ಲ ಸರಿ' ಎಂದು ಹುಟ್ಟಿದಾಗಿನಿಂದ ಒಮ್ಮೆಯೂ ಹೇಳಿಲ್ಲ. ನಾಲ್ಕು ವರ್ಷದವಳಿದ್ದಾಗ "ಮಾಮಾ, ನಿಂಗ ಏನೂ ತಿಳಿಯಂಗಿಲ್ಲ" ಎಂದು ನನ್ನ ಹೆಗಲ ಮೇಲೆ ಕುಳಿತೇ ಹೇಳಿದವಳು ನೀನು. ಒಂದೇ ಮಗ್ಗದಲ್ಲಿ ನೇಯ್ದ ಬಟ್ಟೆಯಲ್ಲಿ ನಡುವೆ ಹೊಡೆತ ಸಡಿಲಾದರೆ ನನ್ನ ಬೆರಳಿಗೆ ತಿಳಿಯುತ್ತದೆ. ಕೈ ಬದಲಾಗಿದೆ, ಅಥವಾ ಕೂತವರ ಮನಸ್ಸು ಬೇರೆಡೆ ಇದೆ.

ಆಮೇಲೆ ವಂದನಾಳನ್ನು ಕೇಳಿದೆ. ಮೊದಲು ಹೇಳಲಿಲ್ಲ. ಕಡೆಗೆ ಹೇಳಿದಳು: "ಅಪ್ಪಾ, ರಾಧಿಕಕ್ಕ ವಾರಕ್ಕೊಮ್ಮೆ ಫೋನ್ ಮಾಡ್ತಾಳ. ಅಪ್ಪ ಚಾಕ್ಕ ಸಕ್ಕರಿ ಜಾಸ್ತಿ ಹಾಕ್ಕೊಳ್ಳಾಕತ್ತಾನೇನು, ಸುಮ್ಮಸುಮ್ಮನ ಸಿಟ್ಟಿಗೇಳ್ತಾನೇನು, ತೋಳ ಮ್ಯಾಲೆತ್ತಿ ಅಂಗಿ ಹಾಕ್ಕೊಂತಾನೇನು ಅಂತ ಕೇಳ್ತಾಳ." ಮಂಗಲಾಳ ಸಕ್ಕರೆಯನ್ನು ನೀನು ಕೇಳಿಲ್ಲ. ನವೀನನ ಅಂಗಿಯನ್ನು ಕೇಳಿಲ್ಲ. ಪುಣೆಗೆ ಕರೆದದ್ದೂ ನನ್ನನ್ನೊಬ್ಬನನ್ನೇ.

ನೀನು ಲಕೋಟೆ ಒಡೆದಿದ್ದೀಯ.

ನಾಲ್ಕು ಸಲ ಓದಿ ಸಹಿ ಮಾಡಿದ್ದು,
ಪರಮಾನಂದ


ಪುಣೆ
15 ಜೂನ್ 2025

ಮಾಮಾ,

ಒಡೆದಿದ್ದೇನೆ.

ಏಪ್ರಿಲ್ 24ಕ್ಕೆ ಫಲಿತಾಂಶ ಬಂತು. ಐದರಲ್ಲಿ ಒಂದು ಬಾಟಲಿಯಲ್ಲಿ ಆ ಅಕ್ಷರವಿತ್ತು. ನಾನು ನನ್ನದನ್ನು ತಿಳಿಯಲು 'ಬೇಕು' ಎಂದು ಗುರುತು ಹಾಕಿದ್ದೆ. ನನ್ನದು ಯಾವುದೆಂದು ತಿಳಿಯಲು ಪಟ್ಟಿ ಬೇಕು. ನಿಮ್ಮನ್ನು ಕೇಳಿ ಒಡೆಯಬೇಕಿತ್ತು. ಎರಡು ದಿನ ತಡೆದೆ, ಮೂರನೆಯ ದಿನ ಆಗಲಿಲ್ಲ. ಪಟ್ಟಿಯ ಕಡೆಯಲ್ಲಿ ನನ್ನ ಹೆಸರಿತ್ತು, ಐದನೆಯದು. ಐದು ಗಂಟಿನ ಬಾಟಲಿ ಶುದ್ಧವಾಗಿತ್ತು. ಆ ಒಂದು ನಿಮಿಷ ನಾನು ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಕಣ್ಣು ಪಟ್ಟಿಯ ಮೇಲಿನ ಸಾಲಿಗೆ ಹೋಯಿತು.

ನೀವು 'ಬೇಡ' ಎಂದಿದ್ದಿರಿ. ನಾನು ನಿಮಗೆ ಹೇಳಬಾರದಿತ್ತು. ಇನ್ನೊಂದು ರಕ್ತದಿಂದ ಖಚಿತವಾಗದೆ ಯಾರಿಗೂ ಹೇಳಬಾರದೆಂಬುದು ನಮ್ಮ ನಿಯಮ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನ್ನ ಕಾಗದವೇ ಹೇಳಿಬಿಟ್ಟಿತು. ಮೇಡಮ್ ಅವರಿಗೂ ತಿಳಿಸಿದ್ದೇನೆ. ಪಟ್ಟಿಯನ್ನು ಅವರು ತೆಗೆದುಕೊಂಡಿದ್ದಾರೆ.

ಇನ್ನೊಂದು ಮಾತು ಹೇಳಲೇಬೇಕು, ಸಿಟ್ಟಾಗಬೇಡಿ. ಕಾಗದದ ಧ್ವನಿ ಬದಲಾಗಿದೆಯೆಂದು ನಾಲ್ಕು ಸಲ ಓದುವುದು, ಮಗಳನ್ನು ಕೂಡಿಸಿ ವಿಚಾರಣೆ ಮಾಡುವುದು, ಬೀಳಗಿಯವರ ಕಿವಿಗೆ ಹೆದರುವುದು. ಅವ್ವನದೂ ಹೀಗೇ ಶುರುವಾಗಿತ್ತು. ದಯವಿಟ್ಟು ಪುಣೆಗೆ ಬನ್ನಿ.

ರಾಧಿಕಾ


ಬನಹಟ್ಟಿ
1 ಜುಲೈ 2025

ರಾಧಿಕಾ,

ನಾನು ಸಂಶಯಪಟ್ಟದ್ದು ಖರೆಯಾಯಿತು. ನಾನು ಸಂಶಯಪಟ್ಟದ್ದೇ ರೋಗದ ಗುರುತು ಎಂದು ಅದೇ ಕಾಗದದಲ್ಲಿ ನೀನು ಬರೆದೆ. ಇಂಥ ಕಟ್ಟಿನಿಂದ ಮನುಷ್ಯ ಹೊರಗೆ ಬರುವುದು ಹೇಗೆ? ಸಂಶಯಪಟ್ಟರೆ ರೋಗ. ಪಡದಿದ್ದರೆ ಲಕೋಟೆ ಒಡೆದದ್ದು ತಿಳಿಯುವುದಿಲ್ಲ.

ಆದರೂ ನಿನ್ನ ಮಾತು ಒಳಗೆ ಇಳಿಯಿತು. ಹತ್ತು ದಿನ ಕನ್ನಡಿಯ ಮುಂದೆ ನಿಂತು ಎರಡೂ ತೋಳು ಎತ್ತಿ ನೋಡಿದೆ. ಸೊಸೈಟಿಯ ಇಪ್ಪತ್ತೆರಡು ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದೆ. ಅಲ್ಲಿ ಈಗ ಕೆಲಸ ಮಾಡುವ ಲಗಮಪ್ಪ ಕೇಳಿದ: "ಸಾಹೇಬ್ರ, ರಿಟೈರ್ ಆಗಿ ಮೂರು ವರ್ಷಕ್ಕ ದಿನಾ ಹಾಜರಿ ಹಾಕಾಕತ್ತೀರೇನ್ರಿ?" ಮಂಗಲಾ ಚಹಾ ಕೊಟ್ಟಾಗ ಸಕ್ಕರೆ ಸಾಲದೆನಿಸಿತು. ಕೇಳಲು ಹೆದರಿದೆ. ವಂದನಾ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡಿದರೆ ನನ್ನ ವಿಷಯವೇ ಎನಿಸುತ್ತದೆ. ಅಕ್ಕನಿಗೂ ಹೀಗೇ ಎನಿಸುತ್ತಿತ್ತೇನೋ. ಅವಳ ಮಾತನ್ನು ನಾನು ಒಮ್ಮೆಯೂ ಪೂರ್ತಿ ಕೇಳಲಿಲ್ಲ.

ವಂದನಾಳ ಪಾಲಿಗೂ ಅರ್ಧ ಬಂತಲ್ಲ ಎಂಬುದು ಉಳಿದೆಲ್ಲಕ್ಕಿಂತ ಹೆಚ್ಚು. ಬೀಳಗಿಯವರಿಗೆ ಈಗ ಏನೂ ಹೇಳಿಲ್ಲ. ಹೇಳದಿರುವುದು ಮೋಸವೆಂದು ವಂದನಾ ಅನ್ನುತ್ತಾಳೆ.

ಪುಣೆಗೆ ಬರುತ್ತೇನೆ. ಅದಕ್ಕೆ ಮೊದಲು ಒಂದು ಪ್ರಶ್ನೆ. ಸೀರೆ ವಾಪಸು ಮಾಡುವ ಮುಂಚೆ ಅದಕ್ಕೆ ಕಟ್ಟಿದ ಚೀಟಿಯನ್ನು ನೋಡುವುದು ನನ್ನ ರೂಢಿ. ಆ ಅಕ್ಷರವಿದ್ದ ಬಾಟಲಿಯ ದಾರದಲ್ಲಿ ಎಷ್ಟು ಗಂಟಿದ್ದವು? ನೀನು ಎಣಿಸಿದ ಹಾಗೆಯೇ ಹೇಳು.

ಪರಮಾನಂದ


ಪುಣೆ
12 ಜುಲೈ 2025

ಮಾಮಾ,

ಒಂದು. ನಿಮ್ಮ ಪಟ್ಟಿಯಲ್ಲಿ ಮೊದಲನೆಯ ಹೆಸರು ನಿಮ್ಮದು. ಎರಡು ಗಂಟಿನದು ಮಂಗಲಾ ಮೌಶಿ, ಮೂರು ನವೀನ, ನಾಲ್ಕು ವಂದನಾ, ಐದು ನಾನು. ದಾರಗಳನ್ನು ಎಸೆದಿಲ್ಲ, ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ.

ಯಾವ ವಾರ ಬರುತ್ತೀರೆಂದು ತಿಳಿಸಿ. ಜಮಖಂಡಿ ಸ್ಟ್ಯಾಂಡಿಗೆ ಬಂದು ಕರೆದೊಯ್ಯುತ್ತೇನೆ.

ರಾಧಿಕಾ


ಪುಣೆ
30 ಆಗಸ್ಟ್ 2025

ಮಾಮಾ,

ಏಳು ವಾರವಾಯಿತು. ವಂದನಾಳನ್ನು ಕೇಳಿದರೆ "ಅಪ್ಪ ಛಲೋ ಅದಾನ, ಆದ್ರ ನಿನ್ನ ಹೆಸರು ತೆಗೆದ್ರ ಎದ್ದು ಹೋಗ್ತಾನ" ಎನ್ನುತ್ತಾಳೆ. ಬರುತ್ತೇನೆಂದವರು ಬರಲಿಲ್ಲ. ಬೇರೆ ಯಾವ ಡಾಕ್ಟರಿಗಾದರೂ ತೋರಿಸಿದಿರಾ? ನಾಟಿ ಔಷಧವೇನಾದರೂ? ನೀವು ಏನನ್ನೋ ಮುಚ್ಚಿಡುತ್ತಿದ್ದೀರಿ. ನಿಮ್ಮಿಂದಲೇ ಕಲಿತದ್ದು, ಅದಕ್ಕೆ ಹೇಳುತ್ತೇನೆ: ಗಂಟುಗಳ ಲೆಕ್ಕ ನಿಮಗೆ ಯಾಕೆ ಬೇಕಾಗಿತ್ತು?

ನೀವು ಹೇಳದಿದ್ದರೆ ಮುಂದಿನ ರವಿವಾರದ ಬಸ್ಸಿಗೆ ನಾನೇ ಬರುತ್ತೇನೆ.

ರಾಧಿಕಾ


ಬನಹಟ್ಟಿ
3 ಸೆಪ್ಟೆಂಬರ್ 2025

ರಾಧಿಕಾ,

ಈ ಕಾಗದವನ್ನು ಆರು ಸಲ ಬರೆದು ಹರಿದಿದ್ದೇನೆ. ಇದು ಏಳನೆಯದು. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ. ಕೂತು ಓದು.

ಬಣ್ಣದ ಮನೆಗೆ ಲಡಿ ಹೋಗುವ ರೂಢಿ ಹೇಳುತ್ತೇನೆ. ಓಣಿಯ ಐದು ಮನೆಗಳ ನೂಲು ಕೂಡಿಸಿ ಒಂದೇ ಹೊರೆ ಮಾಡುತ್ತಾರೆ. ಒಬ್ಬರು ಹೊತ್ತು ಒಯ್ಯುತ್ತಾರೆ. ಕಾಗದ ಬಣ್ಣದ ಹಂಡೆಯಲ್ಲಿ ಉಳಿಯುವುದಿಲ್ಲವಾದ್ದರಿಂದ ದಾರಕ್ಕೆ ಗಂಟು. ದಾರವನ್ನು ಲಡಿಗೆ ಬಿಗಿಯುವ ಮೊದಲನೆಯ ಗಂಟು ಎಣಿಕೆಗೆ ಇಲ್ಲ. ಅದು ಬರಿ ಕಟ್ಟುವ ಗಂಟು. ಎಣಿಕೆ ಅದರ ಮುಂದಿನದರಿಂದ. ಒಂದನೆಯ ಮನೆಯ ದಾರದಲ್ಲಿ ಕಣ್ಣಿಗೆ ಕಾಣುವ ಗಂಟು ಎರಡು, ಎರಡನೆಯ ಮನೆಯದರಲ್ಲಿ ಮೂರು. ಹೊರೆ ಒಯ್ಯುವವರ ಲಡಿಗೆ ಎಣಿಕೆಯ ಗಂಟು ಹಾಕುವುದಿಲ್ಲ, ಬರಿ ಕಟ್ಟುತ್ತಾರೆ. ಒಯ್ಯುವವರಿಗೆ ತಮ್ಮದು ಯಾವುದೆಂದು ಗೊತ್ತೇ ಇರುತ್ತದೆ.

ಆ ದಿನ ಹೊರೆ ಒಯ್ದವಳು ನೀನು. ನಿನ್ನ ಬಾಟಲಿಗೆ ನಾನು ಬರಿ ಕಟ್ಟಿದೆ. ಒಂದೇ ಗಂಟು. ಮೇಡಮ್ ಹತ್ತಿರವಿರುವ ಪಟ್ಟಿಯನ್ನು ಕೇಳಿ ಇನ್ನೊಮ್ಮೆ ನೋಡು. ನಾಲ್ಕು ಹೆಸರಿನ ಮುಂದೆ ಅಂಕಿ ಇದೆ. ನಿನ್ನ ಹೆಸರಿನ ಮುಂದೆ ಅಂಕಿ ಇಲ್ಲ. ಎರಡು ಗಂಟಿನದು ನನ್ನದು, ಮೂರು ಮಂಗಲಾಳದು, ನಾಲ್ಕು ನವೀನನದು, ಐದು ವಂದನಾಳದು.

ನಿನಗೆ ಇದು ಗೊತ್ತಿಲ್ಲವೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಮ್ಮ ಓಣಿಯ ಹೊರೆಯನ್ನು ಒಂಬತ್ತು ವರ್ಷ ಬಣ್ಣದ ಮನೆಗೆ ಒಯ್ದವಳು ನಿನ್ನ ಅವ್ವ. ಮದುವೆಯಾಗಿ ಜಮಖಂಡಿಯ ಗುಮಾಸ್ತನ ಮನೆಗೆ ಹೋದ ಮೇಲೆ ಅವಳು ನೂಲು ಮುಟ್ಟಲಿಲ್ಲ, ನೀನು ಮಗ್ಗವಿಲ್ಲದ ಮನೆಯಲ್ಲಿ ಬೆಳೆದೆ. ಅವಳಿಗೆ ಗೊತ್ತಿದ್ದದ್ದು ನಿನಗೂ ಗೊತ್ತೆಂದುಕೊಂಡೆ. ಎಲ್ಲರನ್ನೂ ಸಂಶಯದಿಂದ ನೋಡಿದ ನಾನು ನನ್ನ ಗಂಟನ್ನು ಮಾತ್ರ ನೋಡಲಿಲ್ಲ.

ಇದೂ ಬರೆಯಬೇಕು. ನಿನ್ನ 'ಒಂದು' ಎಂಬ ಮಾತು ಓದಿದಾಗ ನನಗೆ ಮೊದಲು ಹೊಳೆದದ್ದು ವಂದನಾ. ಅವಳು ಉಳಿದಳು ಎಂದು ಎದ್ದು ನಿಂತೆ. ಕಾಲು ಗಂಟೆ ಸಂತೋಷವಾಗಿದ್ದೆ. ನೀನು ಒಂದು ನಿಮಿಷ ನಕ್ಕದ್ದಕ್ಕೆ ಅಳುಕಿ ಬರೆದಿದ್ದೆ. ನನ್ನದು ಕಾಲು ಗಂಟೆ. ಆಮೇಲೆ ಏಳು ವಾರ ಬರೆದದ್ದನ್ನು ಹರಿಯುತ್ತ ಹೋದೆ. ಹೇಳದೆ ಬಿಟ್ಟರೆ ಹೇಗೆ, ನಾನೇ ರೋಗಿ ಎಂದು ಒಪ್ಪಿಕೊಂಡು ಪುಣೆಗೆ ಬಾರದೆ ದಿನ ದೂಡಿದರೆ ಹೇಗೆ ಎಂದೂ ಯೋಚಿಸಿದೆ. ಆದರೆ ನೀನು ನನ್ನೆದುರಿಗೆ 'ಬೇಕು' ಎಂದು ಗುರುತು ಹಾಕಿದವಳು.

ಇನ್ನೊಮ್ಮೆ ರಕ್ತ ಕೊಟ್ಟು ನೋಡು. ನನ್ನ ಲೆಕ್ಕ ತಪ್ಪಾಗಿರಲಿ ಎಂದು ಮೊದಲ ಸಲ ಬಯಸುತ್ತಿದ್ದೇನೆ.

ನೀನು ಬರುವುದು ಬೇಡ. ಈ ರವಿವಾರ ನಾನೇ ಬರುತ್ತೇನೆ.

ನಿನ್ನ ಮಾಮಾ


ಪುಣೆ
2 ನವೆಂಬರ್ 2025

ಮಾಮಾ,

ಮೊನ್ನೆ ಎರಡನೆಯ ಫಲಿತಾಂಶ ಬಂತು. ಈ ಸಲ ಚೀಟಿಯನ್ನು ಇಬ್ಬರು ಬರೆದು ಇಬ್ಬರೂ ಸಹಿ ಮಾಡಿದ್ದರು. ನಿಮ್ಮ ಲೆಕ್ಕ ತಪ್ಪಿಲ್ಲ. ಸೆಪ್ಟೆಂಬರಿನಲ್ಲಿ ನೀವು ಕೊಟ್ಟುಹೋದ ರಕ್ತವೂ ಶುದ್ಧವಾಗಿದೆ. ತಿಳಿಸಬೇಕೆಂದು ನೀವೇ ಈ ಸಲ ಬರೆದುಕೊಟ್ಟಿದ್ದರಿಂದ ಬರೆಯುತ್ತಿದ್ದೇನೆ. ನಿಮಗಿಲ್ಲದ್ದು ವಂದನಾಳಿಗೆ ಬರುವ ಹಾಗಿಲ್ಲ. ಮಂಗಲಾ ಮೌಶಿ, ನವೀನ ಕೇಳಿದರೆ ಅವರ ರಕ್ತವನ್ನೂ ಹೊಸದಾಗಿ ನೋಡುತ್ತಾರೆ. ಹಳೆಯ ಬಾಟಲಿಗಳಲ್ಲಿ ಆ ಅಕ್ಷರವಿದ್ದದ್ದು ನನ್ನದೊಂದರಲ್ಲೇ. ಬೀಳಗಿಯವರಿಗೆ ಎಲ್ಲವನ್ನೂ ಹೇಳುತ್ತೇನೆಂದು ವಂದನಾ ಹಟ ಹಿಡಿದಿದ್ದಾಳೆ. ಹೇಳಲಿ ಬಿಡಿ.

ಲಕೋಟೆ ಒಡೆದದ್ದಕ್ಕೆ ಮೇಡಮ್ ನನ್ನನ್ನು ಈ ಕೆಲಸದಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಿದ್ದಾರೆ. ನ್ಯಾಯವಾದದ್ದೇ. ಪಿ-97ರ ಕೋಣೆಯಲ್ಲಿ ನಾನೀಗ ಕೊಡುವವಳು ಮಾತ್ರ. ತೊಡೆಯಿಂದ ಒಂದು ಚೂರು ತೆಗೆದುಕೊಂಡರು. ಆ ಜೀವಕೋಶಗಳನ್ನು ಒಂದು ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದಾರೆ. ಅವುಗಳ ಮೇಲೆ ಔಷಧ ಹಾಕಿ ನೋಡುತ್ತಿರುವವಳು ನನ್ನ ಗೆಳತಿ. ನಿನ್ನೆ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದಳು. ಎರಡು ತಟ್ಟೆ, ಔಷಧ ಹಾಕಿದ್ದೊಂದು, ಹಾಕದ್ದೊಂದು. ವ್ಯತ್ಯಾಸ ಇದೆ ಎನಿಸಿತು. ಎನಿಸುವುದು ಲೆಕ್ಕಕ್ಕಿಲ್ಲ ಎಂದು ಅವಳು ತಟ್ಟೆ ಎತ್ತಿಕೊಂಡಳು. ನಿಮ್ಮ ಕೈಕೆಳಗೆ ಕೆಲಸ ಮಾಡಬೇಕಾದವಳು.

ನನಗೆ ಮೂವತ್ತೊಂದು. ಅವ್ವನಿಗೆ ಶುರುವಾದದ್ದು ನಲವತ್ತೈದಕ್ಕೆ. ಅಷ್ಟರೊಳಗೆ ಔಷಧ ಬರಬಹುದು, ಬಾರದೆಯೂ ಇರಬಹುದು. ತೋಳು ಸೋತರೆ ನನಗೇ ತಿಳಿಯುತ್ತದೆ. ಮನಸ್ಸು ಸೋತರೆ ತಿಳಿಯುವುದಿಲ್ಲ, ಅವ್ವನಿಗೆ ತಿಳಿಯಲಿಲ್ಲ. ಅದಕ್ಕೆ ನಿಮ್ಮಿಂದ ಒಂದು ಕೆಲಸ ಆಗಬೇಕು.

ಪ್ರತಿ ತಿಂಗಳು ನಿಮಗೆ ಒಂದು ಕಾಗದ ಬರೆಯುತ್ತೇನೆ. ನೀವು ಅವನ್ನು ಕೂಡಿಡಬೇಕು. ಸೀರೆ ನೋಡಿದ ಹಾಗೆ ಭೂತಗನ್ನಡಿ ಹಿಡಿದು ನೋಡಬೇಕು. ನಿಮಗೆ ವಯಸ್ಸಾದರೆ ಎಂದು ಅಡ್ಡಬಾಯಿ ಹಾಕಬೇಡಿ. ವಂದನಾಳಿಗೆ ಕಲಿಸಿಡಿ. ಮೇ ತಿಂಗಳ ಕಾಗದದಲ್ಲಿ ಹೊಡೆತ ಸಡಿಲಾದದ್ದು ನಿಮಗೆ ತಿಳಿಯಿತಲ್ಲ, ಹಾಗೆ ಮೊದಲ ತಪ್ಪು ಎಳೆ ಕಂಡ ದಿನ ನನಗೇ ನೇರವಾಗಿ ಬರೆಯಿರಿ. ಮೆತ್ತಗೆ ಬರೆಯಬೇಡಿ.

ಆಗ ನಾನು ನಿಮ್ಮನ್ನೇ ಕಳ್ಳ ಎಂದರೂ ಅನ್ನಬಹುದು. ಓಣಿಯವರ ಮುಂದೆ ಅಂದರೂ ಅನ್ನಬಹುದು. ನನ್ನ ಮನೆಗೆ ಬರುವುದನ್ನು ಬಿಡಬ್ಯಾಡ್ರಿ, ಮಾಮಾ.

ಒಂದೇ ಗಂಟಿನ,
ರಾಧಿಕಾ